ರನ್‌ವೇ ಇಲ್ಲದ ಊರಿನ ಪೈಲಟ್

ಹುಬ್ಬಳ್ಳಿಯಲ್ಲಿ ಎಟಿಆರ್ ವಿಮಾನ ಇಳಿಯುವಾಗ ಅಕ್ಕನ ಮಗಳು ಕಣ್ಣು ಮುಚ್ಚಿ ಕೂತಿದ್ದಳು. ಹೆದರಿ ಅಲ್ಲ. ಎಂಜಿನ್ ಸದ್ದಿನ ಏರಿಳಿತ ಕೇಳಿಯೇ ಪೈಲಟ್ ಏನು ಮಾಡುತ್ತಿದ್ದಾನೆಂದು ಊಹಿಸುತ್ತಿದ್ದಳಂತೆ. ಜಕ್ಕೂರಿನ ವೈಮಾನಿಕ ತರಬೇತಿ ಶಾಲೆಯ ವಿದ್ಯಾರ್ಥಿನಿ. ಕಮರ್ಷಿಯಲ್ ಲೈಸೆನ್ಸಿಗೆ 200 ಗಂಟೆ ಹಾರಿರಬೇಕು; ಇವಳದು ಅರ್ಧವೂ ಆಗಿಲ್ಲ, ಆದರೆ ಕನಸು ಆಗಲೇ ಕೆನಡಾದ ಉತ್ತರ ತುದಿ ಮುಟ್ಟಿದೆ.

"ಏರ್‌ಬಸ್ ಬೇಡ ಮಾಮ, ನಾನು ಟ್ವಿನ್ ಆಟರ್ ಓಡಿಸ್ತೀನಿ."

1965ರಲ್ಲಿ ಮೊದಲು ಹಾರಿದ, 19 ಸೀಟಿನ ಗಟ್ಟಿಗಿತ್ತಿ ವಿಮಾನವದು. ಚಕ್ರದ ಜಾಗದಲ್ಲಿ ತೇಲುವ ದೋಣಿ ಕಟ್ಟಿದರೆ ಕೆರೆಗೆ ಇಳಿಯುತ್ತದೆ, ಹಲಗೆ ಕಟ್ಟಿದರೆ ಹಿಮದ ಮೇಲೆ. ರಸ್ತೆಯಿಲ್ಲದ ಹಳ್ಳಿಗಳಿಗೆ ದಿನಸಿ, ಔಷಧಿ, ಟಪಾಲು. ಎಷ್ಟೋ ಸಲ ಮೂಟೆ ಹೊರುವವನೂ ಪೈಲಟ್ಟೇ, ಪೀಪಾಯಿಯಿಂದ ಎಣ್ಣೆ ತುಂಬುವವನೂ ಅವನೇ. ಆಗಲಿ, ಮೊದಲು ಉತ್ತರ ಕನ್ನಡ ನೋಡು ಎಂದೆ.

ಮುಂಡಗೋಡದಲ್ಲಿ, 1966ರಲ್ಲಿ ನೆಲೆಯಾದ ಟಿಬೆಟನ್ ಕಾಲೊನಿಯಲ್ಲಿ ಬಿಸಿ ಥುಕ್ಪಾ ಕುಡಿದು ಅತ್ತಿವೇರಿ ಪಕ್ಷಿಧಾಮಕ್ಕೆ ಹೋದೆವು. ನೀರುಕಾಗೆಯೊಂದು ನೀರಿನ ಮೇಲೆ ಪಟಪಟ ಓಡಿ, ಇನ್ನೇನು ಆಗಲಿಲ್ಲ ಅನ್ನುವಷ್ಟರಲ್ಲಿ ಎದ್ದು ಹಾರಿತು. "ನೋಡಿ, ಫ್ಲೋಟ್‌ಪ್ಲೇನ್!" ಎಂದು ಚಪ್ಪಾಳೆ ತಟ್ಟಿದಳು. ಹಳಿಯಾಳದ ಕಬ್ಬಿನ ಗದ್ದೆಗಳು ಕಾರಿನ ಕಿಟಕಿಯಲ್ಲೇ ಕಳೆದವು. ದಾಂಡೇಲಿ ಬರುವಷ್ಟರಲ್ಲಿ ಕತ್ತಲು.

ನಿಜವಾದ ಪೈಲಟ್ ಸಿಕ್ಕಿದ್ದು ಮರುದಿನ ಬೆಳಿಗ್ಗೆ, ಜೋಯಿಡಾ ತಾಲ್ಲೂಕಿನ ಗಣೇಶಗುಡಿ ಕಡೆಯ ಕಾಡಿನಲ್ಲಿ. ಗೈಡ್ ನಮ್ಮನ್ನು ದೂರದಲ್ಲೇ ಪೊದೆಯ ಮರೆಗೆ ಕೂರಿಸಿದ. "ಬಂತ್ರೀ, ಕಿವಿಗೊಟ್ಟು ಕೇಳ್ರಿ" ಎಂದ. ಹಕ್ಕಿಗಿಂತ ಮೊದಲು ಸದ್ದು ಬಂತು: ಹಳೇ ಉಗಿಬಂಡಿ ಏದುಸಿರು ಬಿಟ್ಟಂತೆ, ಜುಸ್... ಜುಸ್... ಜುಸ್. ದೊಡ್ಡ ಮಂಗಟ್ಟೆ! ರೆಕ್ಕೆಯ ಅಡಿಯಲ್ಲಿ ಗರಿಬುಡ ಮುಚ್ಚುವ ಕಿರುಗರಿಗಳು ಇಲ್ಲದ್ದರಿಂದ ಸಂದಿಯಲ್ಲಿ ಗಾಳಿ ನುಗ್ಗಿ ಹೀಗೆ ಸದ್ದಾಗುತ್ತದೆ. ಮೂರು ಕಿಲೋ ಆಸುಪಾಸಿನ ಮೈ, ತಲೆಯ ಮೇಲೆ ಹಳದಿ ಶಿರಸ್ತ್ರಾಣ. ನಾಲ್ಕು ಸಲ ರೆಕ್ಕೆ ಬಡಿದು, ಸುಮ್ಮನೆ ತೇಲಿ, ಕೊಂಬೆಗಳ ನಡುವಿನ ಕಿಂಡಿಯಲ್ಲಿ ಓರೆಯಾಗಿ ತೂರಿ ಬಂದು ಪೊಟರೆಯ ಬಾಯಿಗೇ ಇಳಿದ. ನನ್ನ ಸೊಸೆ ಉಸಿರು ಬಿಡುವುದನ್ನೇ ಮರೆತಿದ್ದಳು.

ಪೊಟರೆಯೊಳಗೆ ಹೆಣ್ಣು. ತನ್ನ ಹಿಕ್ಕೆ, ಹಣ್ಣಿನ ತಿರುಳು ಮೆತ್ತಿ ಬಾಗಿಲು ಮುಚ್ಚಿಕೊಂಡಿದ್ದಾಳೆ. ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿದಿದೆ. ಒಳಗೆ ಹಾರುವ ಗರಿಗಳನ್ನೂ ಉದುರಿಸಿಕೊಳ್ಳುತ್ತಾಳೆ. ಅವಳೂ ಪೈಲಟ್ಟೇ, ಸದ್ಯಕ್ಕೆ ರೆಕ್ಕೆ ಕಳಚಿಟ್ಟಿದ್ದಾಳೆ. ತಿಂಗಳುಗಟ್ಟಲೆ ಅವಳ ಊಟ ಇವನ ಗಂಟಲ ಚೀಲದಲ್ಲೇ ಬರಬೇಕು. ಕುತ್ತಿಗೆ ಕುಲುಕಿ ಒಂದೊಂದೇ ಅತ್ತಿಹಣ್ಣನ್ನು ಕೊಕ್ಕಿನ ತುದಿಗೆ ತಂದು, ಮುತ್ತು ಪೋಣಿಸುವಷ್ಟು ನಾಜೂಕಾಗಿ ಸೀಳಿಗೆ ಇಟ್ಟ. ಅಷ್ಟು ದಪ್ಪ ಕೊಕ್ಕಿನಿಂದ ಆ ಕೆಲಸ ಹೇಗೆ ಸಾಧ್ಯವೋ!

ದಾಂಡೇಲಿಯ ಈ ಕಾಡುಗಳಲ್ಲಿ ನಾಲ್ಕು ಜಾತಿಯ ಮಂಗಟ್ಟೆಗಳಿವೆ. ಅವುಗಳಿಗೆಂದೇ 2011ರಲ್ಲಿ ಸಂರಕ್ಷಿತ ಪ್ರದೇಶವೂ ಘೋಷಣೆಯಾಯಿತು. ಇದನ್ನೆಲ್ಲ ಗೈಡ್ ಪಿಸುಗುಡುತ್ತಿದ್ದರೆ ಹುಡುಗಿಗೆ ಕಿವಿಯೇ ಇಲ್ಲ. ನೋಟ್‌ಬುಕ್ಕಿನಲ್ಲಿ ಲಾಗ್‌ಬುಕ್ಕಿನಂತೆ ಗೆರೆ ಎಳೆದು ಬರೆಯುತ್ತಿದ್ದಳು: ಇಳಿದದ್ದು 7.40. ಸರಕು, ಹದಿನೇಳು ಹಣ್ಣು. ಹೊರಟದ್ದು 7.46.

"ಹೊಟ್ಟೆ ಹಸಿದಿಲ್ಲವೇನೇ?" ಎಂದೆ.

"ಶ್, ಇನ್ನೊಂದು ಟ್ರಿಪ್ ಇದೆ ಮಾಮ" ಎಂದಳು. ದೂರದಲ್ಲಿ ಉಗಿಬಂಡಿಯ ಸದ್ದು ಮತ್ತೆ ಶುರುವಾಗಿತ್ತು.