ಹೊರಗೆ ಕಾಣದ ಗಾಯ

ಓದಲೆಂದು ಧಾರವಾಡದಿಂದ ಬಂದು ಮಂಗಳೂರಿನ ನಮ್ಮ ಮನೆಯಲ್ಲಿದ್ದ ಅಣ್ಣನ ಮಗ ಕಳೆದ ಮಳೆಗಾಲದ ಒಂದು ಸಂಜೆ ನಂತೂರಿನ ಬಳಿ ಬೈಕಿನಿಂದ ಬಿದ್ದನು. ಹ್ಯಾಂಡಲಿನ ತುದಿ ಹೊಟ್ಟೆಗೆ ಬಡಿದಿತ್ತು. ಹೊರಗೆ ತರಚಿದ ಗುರುತು ಮಾತ್ರ. "ಏನೂ ಆಗಿಲ್ಲ ಕಾಕಾ" ಎಂದು ಮಲಗಿದನು. ನಾವೂ ಅರಿಸಿನ ಹಚ್ಚಿ ಸುಮ್ಮನಾದೆವು. ನಡುರಾತ್ರಿ ಹೊಟ್ಟೆ ಬಿಗಿದು ನೋವು ಹೆಚ್ಚಿದಾಗ ಆಸ್ಪತ್ರೆಗೆ ಧಾವಿಸಿದೆವು. ಆ ಕೆಲವು ಗಂಟೆಗಳ ಅಲಕ್ಷ್ಯ ನಮ್ಮದೇ ತಪ್ಪು.

ಸ್ಕ್ಯಾನಿನಲ್ಲಿ ಯಕೃತ್ತು, ಗುಲ್ಮಗಳು ಸರಿಯಾಗಿಯೇ ಇದ್ದವು. ಆದರೂ ಹೊಟ್ಟೆಯೊಳಗೆ ದ್ರವ ಸೇರಿತ್ತು. ಕರುಳಿಗೆ ಪೆಟ್ಟಾಗಿರಬಹುದೆಂದು ವೈದ್ಯರ ಶಂಕೆ. ಹಿಂದೆ ಇಂತಹ ಸಂದರ್ಭಗಳಲ್ಲಿ ಹೊಟ್ಟೆಯನ್ನು ಉದ್ದಕ್ಕೆ ತೆರೆದೇ ನೋಡಬೇಕಾಗಿತ್ತು. ಎಷ್ಟೋ ಸಲ ಒಳಗೆ ಹೊಲಿಯಬೇಕಾದುದೇನೂ ಇರುತ್ತಿರಲಿಲ್ಲ. "ನಾಡಿ, ರಕ್ತದೊತ್ತಡ ಸ್ಥಿರವಾಗಿವೆ. ಮೊದಲು ಲ್ಯಾಪರೋಸ್ಕೋಪಿಯಿಂದ ನೋಡೋಣ; ಅಗತ್ಯ ಬಿದ್ದರೆ ತೆರೆಯುತ್ತೇವೆ" ಎಂದರು. ಎರಡಕ್ಕೂ ಸಹಿ ಹಾಕಿದೆವು. ಕೊರಳಿನ ಬೆಳ್ಳಿಯ ಕರಡಿಗೆಯನ್ನು ಕಳಚಿ ಕೊಟ್ಟಾಗ ನಮ್ಮ ತಾಯಿಯವರು ಅದನ್ನು ಅಂಗೈಯಲ್ಲಿಟ್ಟುಕೊಂಡು ಬೆಳಗಿನವರೆಗೂ ಕುಳಿತಿದ್ದರು.

ಅರಿವಳಿಕೆ ಕೊಟ್ಟ ಬಳಿಕ ಹೊಕ್ಕುಳ ಬಳಿ ಸುಮಾರು ಒಂದು ಸೆಂಟಿಮೀಟರಿನ ರಂಧ್ರ ಮಾಡಿ, ಇಂಗಾಲದ ಡೈಆಕ್ಸೈಡ್ ಅನಿಲದಿಂದ ಹೊಟ್ಟೆಯನ್ನು ಉಬ್ಬಿಸುತ್ತಾರೆ. ದೀಪವುಳ್ಳ ಕ್ಯಾಮೆರಾ ಒಳಗಿನದನ್ನು ಪರದೆಯ ಮೇಲೆ ತೋರಿಸುತ್ತದೆ. ಬೇರೆ ಸಣ್ಣ ರಂಧ್ರಗಳಿಂದ ಉಪಕರಣಗಳನ್ನು ತೂರಿಸಿ ಕರುಳನ್ನು ಆದಿಯಿಂದ ಅಂತ್ಯದವರೆಗೆ ಪರೀಕ್ಷಿಸುತ್ತಾರೆ. ನಮ್ಮ ಹುಡುಗನ ಸಣ್ಣಕರುಳಿನಲ್ಲಿ ಒಂದು ಚಿಕ್ಕ ತೂತು ಸಿಕ್ಕಿತು. ಆ ರಂಧ್ರಗಳ ಮೂಲಕವೇ ಅದನ್ನು ಹೊಲಿದು, ಒಳಗೆ ತೊಳೆದು ಮುಗಿಸಿದರು.

ಸ್ವೀಡನ್ನಿನ ಯಾಕೋಬಿಯಸ್ ಎಂಬ ವೈದ್ಯರು ಮನುಷ್ಯರ ಉದರದೊಳಗೆ ಹೀಗೆ ಇಣುಕಿ ನೋಡಿದ ವರದಿಯನ್ನು 1910ರಲ್ಲಿಯೇ ಪ್ರಕಟಿಸಿದ್ದರು. 1980ರಲ್ಲಿ ಜರ್ಮನಿಯ ಕುರ್ಟ್ ಸೆಮ್ ಇದೇ ದಾರಿಯಿಂದ ಅಪೆಂಡಿಕ್ಸನ್ನು ತೆಗೆದರು. 1848ರ ವೆನ್ಲಾಕ್ ಆಸ್ಪತ್ರೆ, 1955ರ ಕಸ್ತೂರ್ಬಾ ವೈದ್ಯಕೀಯ ಕಾಲೇಜುಗಳಿರುವ ಈ ಊರಿನಲ್ಲಿ ವಾಸಿಸಿಯೂ ನಮಗೆ ಇದರ ಅರಿವಿರಲಿಲ್ಲ.

ಆದರೆ ಇದು ಎಲ್ಲರಿಗೂ ಹೊಂದುವುದಿಲ್ಲ. ಒಳಗೆ ರಕ್ತ ಸುರಿದು ರಕ್ತದೊತ್ತಡ ಕುಸಿಯುತ್ತಿದ್ದರೆ ಹೊಟ್ಟೆಯನ್ನು ತಕ್ಷಣ ತೆರೆಯುವುದೇ ಪ್ರಾಣರಕ್ಷೆಯ ದಾರಿ. ಆಗ ಸಣ್ಣ ರಂಧ್ರವೇ ಆಗಬೇಕೆಂದು ಮನೆಯವರು ಹಠ ಹಿಡಿಯಬಾರದು. ಕ್ಯಾಮೆರಾದ ಕಣ್ಣಿಗೂ ಕೆಲವೊಮ್ಮೆ ಕರುಳಿನ ಪೆಟ್ಟು ತಪ್ಪಿಹೋಗುವುದುಂಟು. ಆದುದರಿಂದಲೇ ಆಮೇಲೆಯೂ ರೋಗಿಯನ್ನು ಗಮನಿಸುತ್ತಿರುತ್ತಾರೆ.

ಹೊಟ್ಟೆಗೆ ಬಲವಾದ ಪೆಟ್ಟು ಬಿದ್ದರೆ ತಿನ್ನಲು, ಕುಡಿಯಲು ಏನನ್ನೂ ಕೊಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಚರ್ಮದ ಮೇಲೆ ಗಾಯವಿಲ್ಲವೆಂದು ನಮ್ಮಂತೆ ನಿದ್ರೆಗೆ ಹೋಗಬೇಡಿರಿ. ಹುಡುಗ ಈಗ ಕಾಲೇಜಿಗೆ ಹೋಗುತ್ತಿದ್ದಾನೆ. ಕರಡಿಗೆ ಮತ್ತೆ ಅವನ ಕೊರಳಲ್ಲಿದೆ.