ಐದು ಟನ್ನಿನ ಲೆಕ್ಕ

ನಿಲಂಗಾ, ಉದಗೀರದ ಕಡೆಯವರಿಗೆ ರೈಲು ಅಂದರೆ ಬಹಳ ಕಾಲ ಎರಡೇ. ಒಂದು ಉದಗೀರದ ಮೇಲೆ ಹಾಯುವ, ನಿಜಾಮನ ಕಾಲದ ವಿಕಾರಾಬಾದ್–ಪರಳಿ ದೊಡ್ಡ ಗಾಡಿ. ಇನ್ನೊಂದು ಲಾತೂರಿನಿಂದ ಬಾರ್ಶಿ ದಾಟಿ ಕುರ್ಡುವಾಡಿಗೆ, ಅಲ್ಲಿಂದ ಪಂಢರಪುರಕ್ಕೆ, ಕೊನೆಗೆ ಮಿರಜಿಗೆ ಹೋಗುತ್ತಿದ್ದ ಸಣ್ಣ ಗಾಡಿ. ಉಮರ್ಗಾದವರಿಗೆ ಎರಡೂ ದೂರ. ಅವರು ಹೈದರಾಬಾದ್ ಹೆದ್ದಾರಿ ಹಿಡಿದು ಸೊಲ್ಲಾಪುರಕ್ಕೇ ಹೋಗಿ ರೈಲು ಹತ್ತುತ್ತಿದ್ದರು.

ನಮ್ಮ ಮನೆಯವರು ಲಾತೂರಿನ ಸಣ್ಣ ಗಾಡಿಯವರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಮುತ್ಯಾ ಮಾತ್ರ ಉರ್ದುವಿನಲ್ಲಿ ಲೆಕ್ಕ ಬರೆಯುತ್ತಿದ್ದ. ಅವನ ಕಾಲಕ್ಕೆ ನಿಲಂಗಾ, ಉದಗೀರ ಬೀದರ ಜಿಲ್ಲೆಯಲ್ಲಿದ್ದವು. 1956ರಲ್ಲಿ ರಾಜ್ಯಗಳ ವಿಂಗಡಣೆಯಾದಾಗ ಉಸ್ಮಾನಾಬಾದಿಗೆ ಸೇರಿದವು, 1982ರಲ್ಲಿ ಲಾತೂರು ಜಿಲ್ಲೆ ಆಯಿತು. ಜಿಲ್ಲೆ ಯಾವುದಾದರೂ ಮುತ್ಯಾ ತೊಗರಿ ಮಾರಲು ಹೋಗುತ್ತಿದ್ದದ್ದು ಲಾತೂರಿನ ಅಡತಿಗೇ.

ಆ ಸಣ್ಣ ಗಾಡಿಯ ಹಳಿಗಳ ನಡುವಿನ ಅಂತರ ಎರಡೂವರೆ ಅಡಿ. ಅದನ್ನು ಕಟ್ಟಿದವನ ಹೆಸರು ನಮ್ಮೂರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪುಣೆಯ ಪಂಪಿನ ಕಾರ್ಖಾನೆಯೊಂದರ ಡ್ರಾಯಿಂಗ್ ವಿಭಾಗದಲ್ಲಿ ಕೆಲಸಕ್ಕೆ ಸೇರಿದ ಮೇಲೆ, ಹಳೆಯ ಇಂಜಿನಿಯರಿಂಗ್ ಪತ್ರಿಕೆಗಳ ನಡುವೆ ಆ ಹೆಸರು ನನ್ನ ಕಣ್ಣಿಗೆ ಬಿತ್ತು: ಎವರಾರ್ಡ್ ಕ್ಯಾಲ್‌ತ್ರಾಪ್. 1857ರಲ್ಲಿ ಹುಟ್ಟಿದ ಇಂಗ್ಲಿಷ್ ಇಂಜಿನಿಯರ್. 1882ರಲ್ಲಿ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಗೆ ಲೋಕೋಮೋಟಿವ್ ಇನ್‌ಸ್ಪೆಕ್ಟರ್ ಆಗಿ ಬಂದವನು. ಬಾರ್ಶಿಯ ಹತ್ತಿ, ಕಾಳುಕಡಿಯೆಲ್ಲ ಇಪ್ಪತ್ತು ಮೈಲಿ ಆಚೆಯ ರೈಲು ನಿಲ್ದಾಣಕ್ಕೆ ಎತ್ತಿನ ಗಾಡಿಯಲ್ಲಿ ಹೋಗುತ್ತಿದ್ದುದನ್ನು ನೋಡಿ, ಇಲ್ಲಿಗೊಂದು ಅಗ್ಗದ ರೈಲು ಬೇಕು ಎಂದು ಹಟ ಹಿಡಿದ. ಅನುಮತಿ, ಹಣ ಒಟ್ಟುಗೂಡುವುದರಲ್ಲಿ ವರ್ಷಗಳೇ ಹೋದವು. 1895ರಲ್ಲಿ ಬಾರ್ಶಿ ಲೈಟ್ ರೈಲ್ವೆ ಕಂಪನಿ ಹುಟ್ಟಿತು. 1897ರಲ್ಲಿ ಕುರ್ಡುವಾಡಿ–ಬಾರ್ಶಿ ಗಾಡಿ ಓಡಿತು. 1906ರಲ್ಲಿ ಪಂಢರಪುರ, 1911ರಲ್ಲಿ ಲಾತೂರು, 1927ರಲ್ಲಿ ಮಿರಜ್.

ಇಷ್ಟನ್ನೇ ಹೇಳಿದರೆ ಅವನು ಮಾಡಿದ್ದೇನು ಎಂಬುದು ತಿಳಿಯುವುದಿಲ್ಲ. ಸಣ್ಣ ಅಗಲದ ರೈಲುಗಳು ಅದಕ್ಕೂ ಮೊದಲೇ ಇದ್ದವು. ಹೆಚ್ಚಿನವು ಆಟಿಕೆಯ ಹಾಗೆ, ಹೊರುವುದು ಕಡಿಮೆ, ರಿಪೇರಿ ಹೆಚ್ಚು. ಕ್ಯಾಲ್‌ತ್ರಾಪ್ ಲೆಕ್ಕವನ್ನು ತಳದಿಂದ ಶುರುಮಾಡಿದ. ಹಳಿ ಮುರಿಯುವುದು ಗಾಡಿಯ ಒಟ್ಟು ಭಾರದಿಂದಲ್ಲ, ಒಂದೊಂದು ಅಚ್ಚು ಹಳಿಯ ಮೇಲೆ ಊರುವ ಭಾರದಿಂದ. ತೊಲೆಯೊಂದನ್ನು ಇಬ್ಬರು ಹೊತ್ತರೆ ಹೆಗಲು ಮುರಿಯುತ್ತದೆ, ಎಂಟು ಮಂದಿ ಹೊತ್ತರೆ ಊರು ಮುಟ್ಟುತ್ತದೆ. ಇಂಜಿನ್ನಿರಲಿ, ಸರಕಿನ ವ್ಯಾಗನ್ನಿರಲಿ, ಜನರ ಡಬ್ಬಿಯಿರಲಿ, ಯಾವ ಅಚ್ಚಿನ ಮೇಲೂ ಐದು ಟನ್ನಿಗಿಂತ ಹೆಚ್ಚು ಬೀಳಬಾರದು ಎಂದು ನಿಯಮ ಹಾಕಿಕೊಂಡ. ಲೀಡ್ಸಿನ ಕಿಟ್ಸನ್ ಕಾರ್ಖಾನೆಯಲ್ಲಿ ಆರು ಅಚ್ಚಿನ ಇಂಜಿನ್ ಮಾಡಿಸಿದ. ಆ ನಿಯಮದ ಪ್ರಕಾರ ಅದು ಮೂವತ್ತು ಟನ್ ದಾಟುವಂತಿಲ್ಲ. ವ್ಯಾಗನ್ನುಗಳ ಚೌಕಟ್ಟಿಗೆ ಒತ್ತಿ ಮಡಿಸಿದ ಉಕ್ಕಿನ ತಗಡು ಬಳಸಿದ. ಸ್ವಂತ ತೂಕ ಇಳಿಯಿತು, ಹೊರುವ ಸರಕು ಏರಿತು. ಭಾರತಕ್ಕೆ ಕಳಿಸುವ ಮೊದಲು ಲೀಡ್ಸಿನ ಹತ್ತಿರ ನ್ಯೂಲೇ ಎಂಬಲ್ಲಿ ತಾತ್ಕಾಲಿಕ ಹಳಿ ಹಾಕಿ, ಇಂಜಿನಿಯರುಗಳನ್ನು ಕರೆದು ಓಡಿಸಿ ತೋರಿಸಿದ.

ಈ ಒಂದು ನಿಯಮದಿಂದ ಮೀಟರಿಗೆ ಹದಿನೈದು ಕಿಲೋ ತೂಕದ ತೆಳ್ಳನೆಯ ಹಳಿಯೇ ಸಾಕು ಎಂಬ ಲೆಕ್ಕ ಬಂತು. ಇಂದಿನ ಮುಖ್ಯ ಮಾರ್ಗದ ಹಳಿ ಮೀಟರಿಗೆ ಅರವತ್ತು ಕಿಲೋ. ಅಚ್ಚಿನ ಭಾರ ಇಳಿದರೆ ಹಳಿ ತೆಳು, ಸೇತುವೆ ಹಗುರ, ಖರ್ಚು ಕಡಿಮೆ. ದೊಡ್ಡ ಗಾಡಿಯವರು ತಿರುಗಿಯೂ ನೋಡದಿದ್ದ ಬಡ ಸೀಮೆಗೆ ರೈಲು ಬರಲು ಕಾರಣ ಇದೇ. ನನ್ನ ವೃತ್ತಿಯಲ್ಲಿ ನೋಡಿದ ಯಾವ ಜಾಣ ಯಂತ್ರಕ್ಕಿಂತಲೂ ಈ ನಿಯಮದ ಮೇಲೆ ನನಗೆ ಗೌರವ ಹೆಚ್ಚು.

ಹಾಗೆಂದು ಆ ಗಾಡಿಯನ್ನು ಹೊಗಳಿ ಕಣ್ಣೀರು ಹಾಕುವ ಕೆಲಸ ನನ್ನದಲ್ಲ. ಕುರ್ಡುವಾಡಿಯಲ್ಲಿ ನೋಡಿದ್ದು ಚೆನ್ನಾಗಿ ನೆನಪಿದೆ. ಇತ್ತ ಸಣ್ಣ ಗಾಡಿ, ಅತ್ತ ದೊಡ್ಡ ಗಾಡಿ, ನಡುವೆ ಹಮಾಲರು. ಕೈಯಲ್ಲಿ ಕಬ್ಬಿಣದ ಕೊಕ್ಕೆ, ಬೆನ್ನ ಮೇಲೆ ಮಡಚಿದ ಗೋಣಿತಾಟು. ಕೊಕ್ಕೆ ಚೀಲಕ್ಕೆ ಹಾಕಿ ಎಳೆದಲ್ಲೆಲ್ಲ ಸಣ್ಣ ತೂತು, ತೂತಿನಿಂದ ತೊಗರಿ ಸಾಲಾಗಿ ಸುರಿದು ಹಳಿಗಳ ನಡುವೆ ಬೀಳುತ್ತಿತ್ತು. ಹೆಂಗಸರು ಮೊರ ಹಿಡಿದು ಅದನ್ನು ಬಳಿದುಕೊಳ್ಳುತ್ತಿದ್ದರು. ಲಾತೂರಿನಲ್ಲಿ ತೂಗಿದ ಚೀಲ ಮುಂಬಯಿ ಮುಟ್ಟುವ ಹೊತ್ತಿಗೆ ಅದೇ ತೂಕ ಇರುತ್ತಿರಲಿಲ್ಲ. ಕಡಿಮೆ ಬಿದ್ದದ್ದು ರೈತನ ಪಟ್ಟಿಯಲ್ಲಿ ಕಳೆಯುತ್ತಿತ್ತು. ಎರಡು ಅಳತೆಯ ಹಳಿ ಸೇರುವ ಕಡೆಯಲ್ಲೆಲ್ಲ ಈ ನಷ್ಟ ಇದ್ದದ್ದೇ. ಕ್ಯಾಲ್‌ತ್ರಾಪನಿಗೂ ಇದು ಗೊತ್ತಿತ್ತು. ಇಂಗ್ಲೆಂಡಿನಲ್ಲಿ 1904ರಲ್ಲಿ ತೆರೆದ ಲೀಕ್ ಅಂಡ್ ಮ್ಯಾನಿಫೋಲ್ಡ್ ರೈಲಿನಲ್ಲಿ ದೊಡ್ಡ ವ್ಯಾಗನ್ನನ್ನೇ ಹೊತ್ತೊಯ್ಯುವ ಸಣ್ಣ ಗಾಲಿಯ ವಾಹಕವನ್ನು ಅವನು ಬಳಕೆಗೆ ತಂದ. ನಮ್ಮ ಕುರ್ಡುವಾಡಿಯಲ್ಲಿ ನಾನು ಕಂಡದ್ದು ಹಮಾಲರ ಬೆನ್ನನ್ನು ಮಾತ್ರ.

ಅವನ ಇನ್ನೊಂದು ಕೆಲಸ ಪ್ಯಾರಾಚೂಟ್. 1910ರ ಜುಲೈಯಲ್ಲಿ ಅವನ ಗೆಳೆಯ, ರೋಲ್ಸ್–ರಾಯ್ಸ್ ಕಂಪನಿಯ ಚಾರ್ಲ್ಸ್ ರೋಲ್ಸ್, ವಿಮಾನ ಮುರಿದು ಬಿದ್ದು ಸತ್ತ. ಕ್ಯಾಲ್‌ತ್ರಾಪ್ ರೈಲಿನ ಕೆಲಸದ ಜೊತೆಗೆ ಬಟ್ಟೆ, ಹಗ್ಗ, ಗಾಳಿಯ ಲೆಕ್ಕಕ್ಕೆ ಕೂತ. ‘ಗಾರ್ಡಿಯನ್ ಏಂಜೆಲ್’ ಎಂದು ಹೆಸರಿಟ್ಟು ಪೇಟೆಂಟ್ ಪಡೆದ. ಮಡಚಿದ ಪ್ಯಾರಾಚೂಟು ವಿಮಾನಕ್ಕೇ ಕಟ್ಟಿದ ಡಬ್ಬಿಯಲ್ಲಿರುತ್ತದೆ. ಹಾರಿದವನ ಮೈಭಾರವೇ ಅದನ್ನು ಹೊರಗೆಳೆದು ಬಿಚ್ಚುತ್ತದೆ. ಹಾರಿದವನು ಏನನ್ನೂ ಎಳೆಯಬೇಕಿಲ್ಲ, ಪ್ರಜ್ಞೆ ತಪ್ಪಿದ್ದರೂ ತೆರೆದುಕೊಳ್ಳುತ್ತದೆ. ಮೊದಲ ಮಹಾಯುದ್ಧದಲ್ಲಿ ಅದರ ಪರೀಕ್ಷೆಗಳಾದವು. 1917ರಲ್ಲಿ ಲಂಡನ್ನಿನ ಟವರ್ ಬ್ರಿಜ್ಜಿನಿಂದಲೇ ಒಬ್ಬ ಸೇನಾಧಿಕಾರಿ ಅದನ್ನು ಕಟ್ಟಿಕೊಂಡು ಹಾರಿ ತೋರಿಸಿದ. ಶತ್ರುವಿನ ನೆಲದಲ್ಲಿ ಗೂಢಚಾರರನ್ನು ಇಳಿಸಲು ಅದನ್ನು ಬಳಸಿದರು. ಬಲೂನಿನಲ್ಲಿ ಕೂತು ಕಾವಲು ಕಾಯುವವರಿಗೂ ಪ್ಯಾರಾಚೂಟು ಇತ್ತು. ವಿಮಾನ ಹಾರಿಸುವ ಬ್ರಿಟಿಷ್ ಹುಡುಗರಿಗೆ ಮಾತ್ರ ಯುದ್ಧ ಮುಗಿಯುವವರೆಗೆ ಸಿಗಲಿಲ್ಲ. 1918ರಲ್ಲಿ ಎದುರು ಪಕ್ಷದ ಜರ್ಮನರು ತಮ್ಮದೇ ಪ್ಯಾರಾಚೂಟು ಕಟ್ಟಿಕೊಂಡು ಹಾರಲು ಶುರುಮಾಡಿದ್ದರು. ಕ್ಯಾಲ್‌ತ್ರಾಪ್ ತನ್ನ ಪ್ಯಾರಾಚೂಟಿಗಾಗಿ ಕೈಯಲ್ಲಿದ್ದ ಹಣ ಸುರಿದ. 1927ರಲ್ಲಿ ತೀರಿಕೊಂಡ. ಅವನ ಸಣ್ಣ ಗಾಡಿ ಮಿರಜ್ ಮುಟ್ಟಿದ್ದೂ ಅದೇ ವರ್ಷ.

ಒಬ್ಬನದೇ ಎರಡು ಲೆಕ್ಕ. ಒಂದು ನೂರು ವರ್ಷ ಓಡಿತು, ಇನ್ನೊಂದಕ್ಕೆ ಅವನ ಜೀವಮಾನದಲ್ಲಿ ಬೆಲೆ ಬರಲಿಲ್ಲ. ಕಾರಣ ಬುದ್ಧಿಯಲ್ಲಿರಲಿಲ್ಲ. ಐದು ಟನ್ನಿನ ಲೆಕ್ಕ ಹಾಕಿದಾಗ ಹಳಿ ಅವನದು, ಇಂಜಿನ್ನಿನ ನಕ್ಷೆ ಅವನದು, ಕಂಪನಿಯ ಹಿಂದೆ ನಿಂತವನೂ ಅವನೇ. ಪ್ಯಾರಾಚೂಟಿಗೆ ವಿಮಾನ ಬೇರೆಯವರದು. ಅದನ್ನು ಕಟ್ಟಬೇಕೋ ಬೇಡವೋ ಎಂದು ಹೇಳುವವರು ಕಚೇರಿಯ ಮೇಜಿನ ಹಿಂದೆ ಕೂತವರು.

ನಮ್ಮವರ ಕೆಲಸಗಳನ್ನೂ ಹೀಗೇ ಇಟ್ಟು ನೋಡಿದ್ದೇನೆ. ಕ್ಯಾಲ್‌ತ್ರಾಪ್ ಬಾರ್ಶಿಯಲ್ಲಿ ಹಳಿ ಹಾಕಿಸುತ್ತಿದ್ದ ಕಾಲದಲ್ಲೇ ಅದೇ ಮುಂಬಯಿ ಪ್ರಾಂತ್ಯದಲ್ಲಿ ವಿಶ್ವೇಶ್ವರಯ್ಯನವರು ಲೋಕೋಪಯೋಗಿ ಇಂಜಿನಿಯರ್. ಪುಣೆಯ ಹತ್ತಿರ ಖಡಕವಾಸಲಾ ಕೆರೆಯ ಕೋಡಿಗೆ ಅವರು 1903ರಲ್ಲಿ ಸ್ವಯಂಚಾಲಿತ ಬಾಗಿಲು ಕೂರಿಸಿದರು, ಪೇಟೆಂಟೂ ಪಡೆದರು. ಅದರ ಹಿಂದಿನ ತತ್ವ ಸರಳ. ಬಾಗಿಲಿಗೆ ಎದುರಾಗಿ ಒಂದು ತೂಕ. ಕೆರೆ ತುಂಬಿ ನೀರು ಗೊತ್ತಾದ ಮಟ್ಟ ದಾಟಿದರೆ ಆ ತೂಕವಿರುವ ತೊಟ್ಟಿಗೆ ನೀರು ನುಗ್ಗುತ್ತದೆ. ನೀರಲ್ಲಿ ಮುಳುಗಿದ ತೂಕ ಹಗುರಾಗುತ್ತದೆ, ಸಮತೋಲ ತಪ್ಪಿ ಬಾಗಿಲು ತೆರೆಯುತ್ತದೆ. ಮಟ್ಟ ಇಳಿದು ತೊಟ್ಟಿ ಖಾಲಿಯಾದರೆ ತಾನೇ ಮುಚ್ಚುತ್ತದೆ. ನಡುರಾತ್ರಿ ಹೊಳೆ ಬಂದರೂ ಕಾವಲುಗಾರನನ್ನು ಎಬ್ಬಿಸಬೇಕಿಲ್ಲ. ಗೋಡೆ ಎತ್ತರಿಸದೆ ಕೆರೆಯಲ್ಲಿ ಹೆಚ್ಚು ನೀರು ನಿಂತಿತು. ಮುಂದೆ ಗ್ವಾಲಿಯರಿನ ತಿಗ್ರಾ ಅಣೆಕಟ್ಟಿಗೆ, ಕನ್ನಂಬಾಡಿಗೆ ಅದೇ ಬಾಗಿಲು ಹೋಯಿತು. ತನ್ನ ಉಸ್ತುವಾರಿಯ ಕಾಮಗಾರಿಯಿಂದ ರಾಯಧನ ತೆಗೆದುಕೊಳ್ಳುವುದು ಸರಿಯಲ್ಲವೆಂದು ಅವರು ಬಿಟ್ಟುಕೊಟ್ಟರು. ಆ ಪ್ರಾಮಾಣಿಕತೆಯನ್ನು ಎಲ್ಲರೂ ಹೇಳುತ್ತಾರೆ. ಇನ್ನೊಂದನ್ನೂ ಹೇಳಬೇಕು: ಕೆರೆ ಅವರ ಕೈಯಲ್ಲಿತ್ತು. ಬೆಳಗಾವಿ ಸೀಮೆಯ ಗುರ್ಲಹೊಸೂರಿನ ಲಕ್ಷ್ಮಣರಾವ್ ಕಿರ್ಲೋಸ್ಕರರು 1903ರಲ್ಲೇ ಕಬ್ಬಿಣದ ನೇಗಿಲು ಮಾಡಿದಾಗ ರೈತರು ಮುಟ್ಟಲು ಹೆದರಿದರು, ಮೊದಲ ಕೆಲವು ನೇಗಿಲು ಮಾರಲು ಎರಡು ವರ್ಷ ಹಿಡಿಯಿತು. ಆದರೆ ಎರಕದ ಕುಲುಮೆ ಅವರದಾಗಿತ್ತು, ಕಾಯುವ ಶಕ್ತಿ ಇತ್ತು. ಮುಂದೆ ನಮ್ಮ ಕರಿನೆಲದಲ್ಲಿ ಕರಿಕೆ ಕೀಳಲು ಆ ನೇಗಿಲೇ ಬೇಕಾಯಿತು.

ನನ್ನ ಹೆಸರಿರುವ ಪೇಟೆಂಟಿನ ಕಥೆ ಚಿಕ್ಕದು. ಬೇಸಿಗೆಯಲ್ಲಿ ನಮ್ಮ ಬಾವಿಗಳ ತಳಕ್ಕೆ ನೀರಿಳಿದಾಗ ರಾಡಿ ಸೇರಿ ಪಂಪಿನ ಫುಟ್‌ವಾಲ್ವ್ ಕಟ್ಟಿಕೊಳ್ಳುತ್ತದೆ. ಪಂಪು ನಿಂತಾಗಲೆಲ್ಲ ಕೊಳವೆಯ ನೀರೇ ಹಿಂದಕ್ಕೆ ಬಂದು ಜಾಲರಿ ತೊಳೆಯುವಂಥ ವಾಲ್ವ್ ಒಂದನ್ನು ನಾನು ರೂಪಿಸಿದೆ. ಆಗ 1970ರ ಕಾಯ್ದೆ ಇತ್ತು, ಪೇಟೆಂಟಿನ ಅವಧಿ ಹದಿನಾಲ್ಕು ವರ್ಷ. ಒಡೆತನ ಕಂಪನಿಯದು, ಸಂಶೋಧಕನ ಸಾಲಿನಲ್ಲಿ ನನ್ನ ಹೆಸರು. ಮಾದರಿ ಚೆನ್ನಾಗಿ ನಡೆಯಿತು. ಮಾರಾಟ ವಿಭಾಗದವರು ಇದಕ್ಕೆ ಬೇಡಿಕೆ ಇಲ್ಲ ಎಂದರು, ಅಚ್ಚು ಮಾಡಿಸಲೇ ಇಲ್ಲ. ಕೆಲವು ವರ್ಷಕ್ಕೆ ನವೀಕರಣದ ಹಣ ಕಟ್ಟುವುದನ್ನೂ ನಿಲ್ಲಿಸಿದರು. ಅಷ್ಟರಲ್ಲಿ ಊರಲ್ಲಿ ಬಾವಿಗಳೇ ಬತ್ತಿ, ಬೋರ್‌ವೆಲ್ ಕೊರೆದು ಸಬ್‌ಮರ್ಸಿಬಲ್ ಇಳಿಸುವ ಕಾಲ ಬಂತು. ಆ ವಾಲ್ವ್ ಬೇಕಿದ್ದ ಬಾವಿಗಳು ನಿಲಂಗಾದಲ್ಲಿದ್ದವು, ಬೇಡ ಎಂದ ಕೋಣೆ ಪುಣೆಯಲ್ಲಿತ್ತು.

ಸಣ್ಣ ಗಾಡಿಯೂ ಈಗಿಲ್ಲ. 1954ರಲ್ಲಿ ಸರಕಾರ ಕಂಪನಿಯನ್ನು ಕೊಂಡಿತು. ಈ ಶತಮಾನದಲ್ಲಿ ಹಂತಹಂತವಾಗಿ ಇಡೀ ಮಾರ್ಗ ಬ್ರಾಡ್‌ಗೇಜ್ ಆಯಿತು. ಆಗಬೇಕಾದದ್ದೇ. 2016ರ ಬೇಸಿಗೆಯಲ್ಲಿ ಧನೇಗಾಂವದ ಮಾಂಜ್ರಾ ಜಲಾಶಯ ಒಣಗಿ ಲಾತೂರು ಬಾಯಾರಿದಾಗ ಮಿರಜಿನಿಂದ ನೀರಿನ ರೈಲು ಹೊರಟಿತು. ಏಪ್ರಿಲ್ 12ರಂದು ಮೊದಲ ಗಾಡಿ ಲಾತೂರಿಗೆ ಬಂತು. ಹತ್ತು ವ್ಯಾಗನ್, ಒಂದೊಂದರಲ್ಲಿ ಐವತ್ತು ಸಾವಿರ ಲೀಟರ್. ಒಂದು ವ್ಯಾಗನ್ನಿನ ನೀರೇ ಐವತ್ತು ಟನ್. ನಾಲ್ಕು ಅಚ್ಚಿಗೆ ಹಂಚಿದರೆ ನೀರಿನಿಂದಲೇ ಒಂದೊಂದಕ್ಕೆ ಹನ್ನೆರಡೂವರೆ ಟನ್, ಮೇಲೆ ವ್ಯಾಗನ್ನಿನ ಸ್ವಂತ ತೂಕ. ಹಳೆಯ ಹಳಿಯ ಮೇಲೆ ಅದು ಒಂದು ಫರ್ಲಾಂಗೂ ಬರುತ್ತಿರಲಿಲ್ಲ. ಬಂದ ದಾರಿ ಮಾತ್ರ ಮಿರಜ್, ಪಂಢರಪುರ, ಕುರ್ಡುವಾಡಿ, ಬಾರ್ಶಿ, ಲಾತೂರು: ಬಹುಮಟ್ಟಿಗೆ ಕ್ಯಾಲ್‌ತ್ರಾಪನ ಕಂಪನಿಯದೇ. ಟಿವಿಯವರು ಲಾತೂರು ನಿಲ್ದಾಣದಲ್ಲಿ ನಿಂತು ಗಂಟೆಗಟ್ಟಲೆ ಮಾತಾಡಿದರು. ಈ ದಾರಿ ಯಾರು ಹಾಕಿದ್ದು ಎಂಬ ಮಾತು ನನ್ನ ಕಿವಿಗೆ ಬೀಳಲಿಲ್ಲ. ಅದು ನನಗೆ ಇಂದಿಗೂ ಬೇಸರ.

ನಮ್ಮ ಕಡೆಯ ಹುಡುಗರಿಗೆ ಈಗ ಇಂಜಿನಿಯರಿಂಗ್ ಕಾಲೇಜು ದೂರವಿಲ್ಲ. ಉದಗೀರದಲ್ಲಿರುವ ತಂಗಿಯ ಮಗ ಮೆಕ್ಯಾನಿಕಲ್ ಓದಿ, ನೌಕರಿಗೆ ಹೋಗದೆ ಹೊಲದ ಕಡೆ ತಿರುಗಿದ್ದಾನೆ. ಸೋಯಾ ಸಾಲಿನ ನಡುವೆ ಸಣ್ಣ ಟ್ರ್ಯಾಕ್ಟರಿಗೆ ಕಟ್ಟುವ ಎಡೆಕುಂಟೆ ಒಂದನ್ನು ಮಾಡಿದ್ದಾನೆ. ಸಾಲು ಡೊಂಕಾದರೆ ಕುಂಟೆಯ ಕುಳ ತಾನೇ ಪಕ್ಕಕ್ಕೆ ಸರಿಯುತ್ತದೆ, ಬೇರಿಗೆ ತಾಗುವುದಿಲ್ಲ. ಹೋದ ಸಲ ಊರಿಗೆ ಹೋದಾಗ ವೆಲ್ಡಿಂಗ್ ಅಂಗಡಿಯ ಮುಂದೆ ನಿಲ್ಲಿಸಿ ತೋರಿಸಿದ.

“ಮಾಮಾ, ಇದಕ್ಕ ಪೇಟೆಂಟ್ ಸಿಗ್ತದಾ?”

“ಮೊದಲ ಇದು ಯಾರ ಹೊಲದಾಗ ನಡೀತದ ಹೇಳು.”

“ನಮ್ಮ ಹೊಲದಾಗೇ. ಆಮ್ಯಾಲ ಕಾಕಾನ ಹೊಲ, ದೇವಣಿ ಕಡಿ ನಾಲ್ಕು ಮಂದಿ ಕೇಳ್ಯಾರ.”

ಅರ್ಜಿ ಹಾಕುವ ಮೊದಲು ಹೊರಗಿನವರ ಹೊಲಕ್ಕೆ ಕೊಡಬೇಡ, ನಾಲ್ಕು ಜನರ ಎದುರು ಬಳಕೆಗೆ ಬಂದದ್ದು ಹೊಸತಲ್ಲ ಎಂದು ಕಚೇರಿಯವರು ತಳ್ಳಿಹಾಕಬಹುದು ಎಂದೆ. ಮೊದಲು ತಾತ್ಕಾಲಿಕ ವಿವರಣೆಯ ಅರ್ಜಿ ಕೊಟ್ಟು ತಾರೀಖು ಹಿಡಿದುಕೊಳ್ಳಬೇಕು. ಪೂರ್ಣ ವಿವರಣೆ ಕೊಡಲು ಅಲ್ಲಿಂದ ಹನ್ನೆರಡು ತಿಂಗಳು ಸಿಗುತ್ತದೆ. ಈಗಿನ ಕಾಯ್ದೆಯಲ್ಲಿ ಅವಧಿ ಇಪ್ಪತ್ತು ವರ್ಷ. ಹನ್ನೆರಡು ತಿಂಗಳಲ್ಲಿ ಒಂದು ಮುಂಗಾರು, ಒಂದು ಹಿಂಗಾರು ಎರಡೂ ಬರುತ್ತವೆ: ಸೋಯಾದಲ್ಲೊಮ್ಮೆ, ಕಡಲೆಯಲ್ಲೊಮ್ಮೆ ಓಡಿಸಿ ನೋಡಬಹುದು. ಒಡೆತನದ ಸಾಲಿನಲ್ಲಿ ಬೇರೆ ಯಾರ ಹೆಸರನ್ನೂ ಹಾಕಬೇಡ ಎಂದೆ. ಅವನು ಆ ವಾರವೇ ನಕ್ಷೆ ಬರೆಯಲು ಕೂತ. ಕುಳದ ಸ್ಪ್ರಿಂಗಿನ ಲೆಕ್ಕ ಇನ್ನೂ ಸರಿಹೋಗಿಲ್ಲ, ಅದನ್ನು ಇಬ್ಬರೂ ಫೋನಿನಲ್ಲಿ ನೋಡುತ್ತಿದ್ದೇವೆ.