ನಿಲ್ಲಿಸುವ ವಿದ್ಯೆ

ಸುರಪುರದಲ್ಲಿ ಕಾರು ಇಟ್ಟುಕೊಂಡವರಿಗೆ ಎಂಜಿನ್ನಿಗಿಂತ ಬ್ರೇಕಿನ ಚಿಂತೆ ಹೆಚ್ಚು. ಗುಡ್ಡಗಳ ನಡುವೆ ಕಟ್ಟಿದ ಊರು ಇದು. ಹತ್ತುವ ಓಣಿಗಳು ಎಷ್ಟಿವೆಯೋ ಇಳಿಯುವ ಓಣಿಗಳೂ ಅಷ್ಟೇ ಇವೆ. ಹತ್ತಲಾರದ ಗಾಡಿ ಹೆಚ್ಚೆಂದರೆ ನಡುದಾರಿಯಲ್ಲಿ ನಿಂತೀತು, ನಾಲ್ಕು ಜನ ಸೇರಿ ನೂಕಿಯಾರು, ನೋಡಿದವರು ಒಂದಿಷ್ಟು ನಕ್ಕಾರು. ಇಳಿಜಾರಿನಲ್ಲಿ ನಿಲ್ಲದ ಗಾಡಿಯ ಕತೆ ಮಾತ್ರ ಯಾರಿಗೂ ನಗೆ ತರುವಂಥದ್ದಲ್ಲ. ಆದರೂ ಗಾಡಿ ಕಲಿಯಲು ಹೊರಟ ಹುಡುಗರೆಲ್ಲ ಮೊದಲು ಕೇಳುವುದು ಅದು ಎಷ್ಟು ಓಡುತ್ತದೆ ಎಂದೇ ಹೊರತು, ಹೇಗೆ ನಿಲ್ಲುತ್ತದೆ ಎಂದಲ್ಲ.

ಇಲ್ಲಿನ ಒಂದು ಮನೆಯಲ್ಲಿ ಹಳೆಯ ಪ್ರೀಮಿಯರ್ ಪದ್ಮಿನಿ ಕಾರಿದೆ. ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಈ ಕಾರಿನ ಮೂಲ ಇಟಲಿಯ ಫಿಯೆಟ್ 1100. ಹೀಗಾಗಿ ಅದನ್ನು ಇಂದಿಗೂ ಜನ ‘ಫಿಯೆಟ್’ ಎಂದೇ ಕರೆಯುತ್ತಾರೆ. ಮನೆಯ ಯಜಮಾನರು ಆಸೆಪಟ್ಟು ಕೊಂಡಿದ್ದ ಗಾಡಿ. ಅವರು ತೀರಿಕೊಂಡ ಮೇಲೆ ಮಾರಿಬಿಡಿ ಎಂದವರೇ ಹೆಚ್ಚು. ಆದರೆ ಅವರ ಪತ್ನಿ ಮಾರಲಿಲ್ಲ. ಆಕೆ ಪ್ರಾಥಮಿಕ ಶಾಲೆಯ ಶಿಕ್ಷಕಿ, ಓಣಿಗೆಲ್ಲ ‘ಅಕ್ಕೋರು’. ಶಹಾಪುರದ ತವರಿಗೆ ಹೋಗಲು, ವಯಸ್ಸಾದ ಅತ್ತೆಯನ್ನು ಯಾದಗಿರಿಯ ಆಸ್ಪತ್ರೆಗೆ ಕರೆದೊಯ್ಯಲು ಅದೇ ಕಾರು. ಓಡಿಸುವವರೂ ಅವರೇ.

ಮಗ ಪಿಯುಸಿ ಎರಡನೇ ವರ್ಷ, ವಿಜ್ಞಾನ. ವಯಸ್ಸು ಹದಿನೇಳು. ರಜೆ ಬಂತೆಂದರೆ ಅವನದು ಒಂದೇ ರಾಗ: ‘ಅವ್ವಾ, ಗಾಡಿ ಕಲಿಸು.’ ಅವ್ವನದೂ ಒಂದೇ ಉತ್ತರ: ‘ಹದಿನೆಂಟು ತುಂಬಲಿ. ಅಲ್ಲೀತನಕ ನಿಲ್ಲಿಸೂದು ಹ್ಯಾಂಗ ಅಂತ ಕಲಿ.’ ಹುಡುಗ ಇದನ್ನು ಚೇಷ್ಟೆಯೆಂದುಕೊಂಡಿದ್ದ. ಅದು ಚೇಷ್ಟೆಯಲ್ಲವೆಂದು ತಿಳಿದದ್ದು ಒಂದು ಬೇಸಿಗೆಯ ಮಧ್ಯಾಹ್ನ.

ಅಜ್ಜಿಯನ್ನು ಡಾಕ್ಟರಿಗೆ ತೋರಿಸಿಕೊಂಡು ಯಾದಗಿರಿಯಿಂದ ಮರಳುತ್ತಿದ್ದರು. ಭೀಮಾ ಸೇತುವೆ ದಾಟಿದ ಸ್ವಲ್ಪ ಹೊತ್ತಿಗೆ ಗಾಡಿ ಭಾರವಾದಂತೆನಿಸಿತು. ಆಕ್ಸಿಲರೇಟರ್ ಒತ್ತಿದರೂ ಎಳೆಯದು. ಏನೋ ಸುಟ್ಟ ವಾಸನೆ. ಬದಿಗೆ ನಿಲ್ಲಿಸಿ ನೋಡಿದರೆ ಚಕ್ರಗಳ ಹತ್ತಿರ ಕೈ ಒಯ್ಯಲಾಗದಷ್ಟು ಬಿಸಿ. ಹೊರಗೂ ನಲವತ್ತು ಡಿಗ್ರಿ ಮೀರಿದ ಬಿಸಿಲು. ಹಿಂದಿನ ಸೀಟಿನಲ್ಲಿ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ ಕುಳಿತ ಮುದುಕಿ. ಗಾಡಿ ತಣಿಯುವವರೆಗೆ ಕಾದು, ಮೆಲ್ಲಗೆ ಶಹಾಪುರ ಮುಟ್ಟಿ, ಪರಿಚಯದ ಗ್ಯಾರೇಜಿನ ಚಾಚಾನಿಗೆ ಕಾರು ಒಪ್ಪಿಸಿದರು.

ಚಾಚಾ ಬಾನೆಟ್ ಎತ್ತಿ, ಬ್ರೇಕಿನ ಡಬ್ಬಿಯ ಮುಚ್ಚಳ ತೆಗೆದು, ಬೆರಳಿನಲ್ಲಿ ಒಂದು ಹನಿ ತಿಕ್ಕಿ ನೋಡಿದರು. ‘ಅಕ್ಕೋರ, ಇದರಾಗ ಯಾರರ ಎಂಜಿನ್ ಆಯಿಲ್ ಹಾಕ್ಯಾರೇನ್ರಿ?’ ಹೌದು. ವಾರದ ಹಿಂದೆ ದಾರಿಯಲ್ಲಿ ಒಂದೆಡೆ ಡಬ್ಬಿ ತುಸು ಕಡಿಮೆ ಕಂಡಿತೆಂದು ಅಲ್ಲಿದ್ದ ಹುಡುಗನೊಬ್ಬ ‘ಆಯಿಲ್’ ತುಂಬಿಕೊಟ್ಟಿದ್ದ. ಚಾಚಾ ಮಾಸ್ಟರ್ ಸಿಲಿಂಡರ್ ಬಿಚ್ಚಿ ಒಳಗಿನ ರಬ್ಬರ್ ಕಪ್ಪನ್ನು ತೆಗೆದು, ಹೊಸದೊಂದರ ಪಕ್ಕದಲ್ಲಿ ಹುಡುಗನ ಅಂಗೈ ಮೇಲಿಟ್ಟರು. ಹಳೆಯದು ನೀರಲ್ಲಿ ನೆನೆದ ಕಡಲೆಯಂತೆ ಉಬ್ಬಿತ್ತು. ಉಬ್ಬಿದ ರಬ್ಬರು ದ್ರವ ಹಿಂದಿರುಗುವ ಸಣ್ಣ ರಂಧ್ರವನ್ನು ಮುಚ್ಚಿಬಿಟ್ಟಿತ್ತು. ಕಾಲು ತೆಗೆದರೂ ಒತ್ತಡ ಇಳಿಯದೆ ಬ್ರೇಕುಗಳು ಹಿಡಿದೇ ಇದ್ದವು. ಅದಕ್ಕೇ ಆ ಬಿಸಿ, ಆ ವಾಸನೆ.

ತಪ್ಪು ಆ ಹುಡುಗನದಷ್ಟೇ ಅಲ್ಲ, ಹೆಸರಿನದೂ ಹೌದು. ನಮ್ಮ ಕಡೆ ಎಲ್ಲರೂ ಅನ್ನುವುದು ‘ಬ್ರೇಕ್ ಆಯಿಲ್’ ಎಂದೇ. ನಿಜವಾಗಿ ಅದು ಎಣ್ಣೆಯಲ್ಲ. ಸಾಮಾನ್ಯ ಕಾರುಗಳ ಬ್ರೇಕ್ ದ್ರವ ಗ್ಲೈಕಾಲ್ ಈಥರ್ ಎಂಬ ರಾಸಾಯನಿಕಗಳಿಂದ ಆದದ್ದು. ನೀರಿನಲ್ಲಿ ಬೆರೆಯುತ್ತದೆ, ಎಣ್ಣೆ ಬೆರೆಯುವುದಿಲ್ಲ. ಮೊದಲ ಕಾಲದ ಬ್ರೇಕುಗಳಲ್ಲಿ ಔಡಲೆಣ್ಣೆಗೆ ಆಲ್ಕೋಹಾಲ್ ಬೆರೆಸಿ ಬಳಸುತ್ತಿದ್ದುದುಂಟು. ಆ ಕಾಲ ಹೋಯಿತು, ಹೆಸರು ಉಳಿಯಿತು. ಇಂದಿನ ಬ್ರೇಕಿನ ರಬ್ಬರು ಈ ದ್ರವಕ್ಕೆಂದೇ ಮಾಡಿದ್ದು. ಎಂಜಿನ್ ಆಯಿಲ್, ಪೆಟ್ರೋಲ್, ಸೀಮೆಎಣ್ಣೆ ಯಾವುದು ತಾಗಿದರೂ ಅದು ಕೆಡುತ್ತದೆ. ಒಂದು ಚಮಚ ತಪ್ಪು ಎಣ್ಣೆಗಾಗಿ ಅಕ್ಕೋರು ಮಾಸ್ಟರ್ ಸಿಲಿಂಡರಿನ ಕಿಟ್, ನಾಲ್ಕೂ ಚಕ್ರಗಳ ಕಪ್ಪುಗಳು, ರಬ್ಬರ್ ಪೈಪುಗಳು ಎಲ್ಲವನ್ನೂ ಬದಲಿಸಬೇಕಾಯಿತು. ಆ ತಿಂಗಳ ಸಂಬಳದಲ್ಲಿ ಒಳ್ಳೆಯ ಪಾಲು ಅದಕ್ಕೇ ಹೋಯಿತು.

ಹುಡುಗ ಅಂದು ಸಂಜೆಯವರೆಗೆ ಗ್ಯಾರೇಜು ಬಿಟ್ಟು ಕದಲಲಿಲ್ಲ. ಪ್ಯಾಸ್ಕಲನ ನಿಯಮ ಅವನಿಗೆ ಬಾಯಿಪಾಠವಾಗಿತ್ತು: ಮುಚ್ಚಿದ ಪಾತ್ರೆಯ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ. ಹದಿನೇಳನೆಯ ಶತಮಾನದ ಫ್ರೆಂಚ್ ಪಂಡಿತನ ಆ ಮಾತು ತಮ್ಮ ಕಾರಿನಡಿ ತಾಮ್ರದ ಬಣ್ಣದ ಸಣ್ಣ ಕೊಳವೆಯಲ್ಲಿ ಹರಿಯುತ್ತಿದೆ ಎಂದು ಅವನಿಗೆ ಹೊಳೆದಿರಲಿಲ್ಲ. ಲೆಕ್ಕ ಸುಲಭ. ಕಾಲಿನಿಂದ 30 ಕಿಲೋ ಭಾರ ಹಾಕಿದೆವೆನ್ನಿ. ಪೆಡಲಿನ ಸನ್ನೆ ಅದನ್ನು ನಾಲ್ಕು ಪಟ್ಟು ಮಾಡಿದರೆ 120 ಕಿಲೋ. ಅದು 3 ಚದರ ಸೆಂಟಿಮೀಟರಿನ ಪಿಸ್ಟನ್ ಮೇಲೆ ಬಿದ್ದರೆ ಪ್ರತಿ ಚದರ ಸೆಂಟಿಮೀಟರಿಗೆ 40 ಕಿಲೋ ಒತ್ತಡ. ಚಕ್ರದ ಬಳಿಯ ಪಿಸ್ಟನ್ 4 ಚದರ ಸೆಂಟಿಮೀಟರಿನದಾದರೆ ಅಲ್ಲಿ ಸಿಗುವ ಬಲ 160 ಕಿಲೋ. ಒಬ್ಬ ಶಿಕ್ಷಕಿಯ ಪಾದ ಒಂದು ಕಾರನ್ನು ನಿಲ್ಲಿಸುವುದು ಹೀಗೆ.

ಆದರೆ ಈ ಲೆಕ್ಕವೆಲ್ಲ ಒಂದು ನಂಬಿಕೆಯ ಮೇಲೆ ನಿಂತಿದೆ: ದ್ರವ ಕುಗ್ಗುವುದಿಲ್ಲ ಎಂಬುದು. ಗಾಳಿ ಕುಗ್ಗುತ್ತದೆ. ಕೊಳವೆಯಲ್ಲಿ ಗಾಳಿ ಸೇರಿದರೆ ಕಾಲಿನ ಬಲವೆಲ್ಲ ಅದನ್ನು ಹಿಚುಕುವುದರಲ್ಲೇ ಮುಗಿಯುತ್ತದೆ. ಪೆಡಲು ಸ್ಪಂಜಿನಂತೆ ಮೆತ್ತಗಾಗುತ್ತದೆ. ಇನ್ನೊಂದು ಶತ್ರು ನೀರು. ಮಳೆಗಾಲದಲ್ಲಿ ಉಪ್ಪು ತೇವ ಹೀರುವಂತೆ ಈ ದ್ರವವೂ ಗಾಳಿಯ ತೇವವನ್ನು ಹೀರುತ್ತದೆ. ಡಬ್ಬದ ಮೇಲೆ ಡಾಟ್ 3 ಎಂದು ಬರೆದ ದ್ರವ ಹೊಸದಿರುವಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದೆಂಬುದು ನಿಯಮ. ಅದರಲ್ಲಿ ನೂರಕ್ಕೆ 4ರ ಹತ್ತಿರ ನೀರು ಸೇರಿದರೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಡಾಟ್ 4ರಲ್ಲಿ ಈ ಅಂಕಿಗಳು 230 ಮತ್ತು 155. ಉದ್ದನೆಯ ಇಳಿಜಾರಿನಲ್ಲಿ ಮತ್ತೆ ಮತ್ತೆ ಬ್ರೇಕ್ ಒತ್ತಿ ಡ್ರಮ್ಮು ಕಾದಾಗ ಹಳೆಯ ದ್ರವ ಕುದಿದು ಆವಿಯಾದರೆ, ಆವಿಯೂ ಗಾಳಿಯಂತೆಯೇ ಕುಗ್ಗುತ್ತದೆ. ಕಾಲು ನೆಲ ಮುಟ್ಟುತ್ತದೆ, ಗಾಡಿ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆಯಾದರೂ ದ್ರವ ಬದಲಿಸಿ ಎನ್ನುವುದು ಇದಕ್ಕೇ.

‘ಈ ಕೆಲಸ ನಮ್ಮ ಮನ್ಯಾಗ ಮಾಡಬಹುದೇನ್ರಿ ಚಾಚಾ?’ ಎಂದು ಹುಡುಗ ಕೇಳಿದ. ಚಾಚಾ ಅಕ್ಕೋರ ಮುಖ ನೋಡಿದರು. ‘ಮಾಡಬಹುದು ಬೇಟಾ. ಒಬ್ಬನ ಕೈಲಿ ಆಗೂದಿಲ್ಲ, ಇಬ್ಬರು ಬೇಕು. ಮೊದಲನೇ ಸಲ ನನ್ನ ಮುಂದ ಮಾಡಬೇಕು. ಎರಡನೇ ಸಲ ನಾ ಚಹಾ ಕುಡಕೋತ ಕುಂತಿರತೀನಿ. ಮೂರನೇ ಸಲ ನೀ ಮಾಡಿ ತಂದು ತೋರಿಸು.’ ಇಂಥ ಪಠ್ಯಕ್ರಮವನ್ನು ಯಾವ ಶಿಕ್ಷಣ ಇಲಾಖೆಯೂ ಬರೆದಿಲ್ಲ. ಅಕ್ಕೋರಿಗೆ ಮಾತ್ರ ಅದು ಬಹಳ ಹಿಡಿಸಿತು.

ಇಬ್ಬರು ಬೇಕೆಂದರೆ ಆ ಮನೆಯಲ್ಲಿ ಇನ್ನಾರು? ಅವ್ವ ಸೀಟಿನಲ್ಲಿ, ಮಗ ಚಕ್ರದ ಬಳಿ. ಗಾಡಿ ಸಮನೆಲದ ಮೇಲೆ. ಚಕ್ರಗಳಿಗೆ ಹಿಂದೆಮುಂದೆ ಕಟ್ಟಿಗೆಯ ತುಂಡು. ಬರೀ ಜಾಕನ್ನು ನಂಬಿ ಅಡಿಯಲ್ಲಿ ನುಗ್ಗುವಂತಿಲ್ಲ, ಇಟ್ಟಿಗೆ ಪೇರಿಸುವಂತೆಯೂ ಇಲ್ಲ. ಗಟ್ಟಿ ಸ್ಟ್ಯಾಂಡೇ ಬೇಕು. ಡ್ರಮ್ಮಿನ ಒಳಗಿನ ಧೂಳನ್ನು ಊದಬಾರದು. ಹಳೆಯ ಲೈನರುಗಳಲ್ಲಿ ಕಲ್ನಾರು ಇರುವುದುಂಟು. ಆ ಧೂಳು ಪುಪ್ಪುಸಕ್ಕೆ ವಿಷ. ಒದ್ದೆ ಬಟ್ಟೆಯಿಂದ ಒರೆಸಬೇಕು. ಹೊಸ ದ್ರವ ಸೀಲು ಒಡೆಯದ ಡಬ್ಬದ್ದೇ ಇರಬೇಕು. ಬಣ್ಣದ ಮೇಲೆ ಚೆಲ್ಲಿದರೆ ಬಣ್ಣವನ್ನೇ ತಿನ್ನುತ್ತದೆ. ಕೂಡಲೇ ನೀರು ಸುರಿದು ತೊಳೆಯಬೇಕು.

ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಆರಂಭ. ನಮ್ಮ ಬಲಗೈ ಗಾಡಿಗಳಲ್ಲಿ ಅದು ಹಿಂದಿನ ಎಡಚಕ್ರ. ಆಮೇಲೆ ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಚಕ್ರದ ಹಿಂಬದಿಯ ತಟ್ಟೆಯಲ್ಲಿ ಒಂದು ಸಣ್ಣ ನಿಪ್ಪಲ್ ಇರುತ್ತದೆ. ಅದಕ್ಕೊಂದು ಪಾರದರ್ಶಕ ಪೈಪು ಸಿಕ್ಕಿಸಿ, ಇನ್ನೊಂದು ತುದಿಯನ್ನು ತುಸು ದ್ರವವಿರುವ ಸೀಸೆಯಲ್ಲಿ ಮುಳುಗಿಸಬೇಕು. ಮುಂದಿನದೆಲ್ಲ ಮೂರು ಮಾತಿನ ಕೆಲಸ. ‘ಒತ್ತು’ ಎಂದರೆ ಅವ್ವ ಪೆಡಲನ್ನು ಮೆಲ್ಲಗೆ ಎರಡು ಮೂರು ಸಲ ಒತ್ತಿ, ಕೊನೆಗೆ ಒತ್ತಿಯೇ ಹಿಡಿಯಬೇಕು. ‘ಹಿಡಿದೀನಿ’ ಎಂದು ಅವ್ವ ಹೇಳಿದ ಮೇಲೆ ಮಗ ಪಾನಾದಿಂದ ನಿಪ್ಪಲನ್ನು ಕಾಲು ಸುತ್ತು ಸಡಿಲಿಸಬೇಕು. ಚಹಾದ ಬಣ್ಣದ ಹಳೆಯ ದ್ರವ ಗುಳ್ಳೆಗಳೊಡನೆ ಬರುತ್ತದೆ, ಪೆಡಲು ಕೆಳಗಿಳಿಯುತ್ತದೆ. ನಿಪ್ಪಲ್ ಬಿಗಿ ಮಾಡಿದ ಮೇಲೆಯೇ ಮಗನ ಬಾಯಿಂದ ‘ಬಿಡು’. ಗುಳ್ಳೆ ನಿಂತು ಹೊಸ ದ್ರವ ಕಾಣುವ ತನಕ ಇದೇ ಸರತಿ. ನಡುನಡುವೆ ಮೇಲಿನ ಡಬ್ಬಿ ಬರಿದಾಗದಂತೆ ತುಂಬುತ್ತಿರಬೇಕು. ಹೊರಬಂದದ್ದನ್ನು ಮರಳಿ ಹಾಕಬಾರದು.

ಪೆಡಲಿನ ಬಳಿ ಇದ್ದವರಿಗೆ ಗುಳ್ಳೆ ಕಾಣುವುದಿಲ್ಲ. ಚಕ್ರದ ಬಳಿ ಇದ್ದವರಿಗೆ ಪೆಡಲು ತಿಳಿಯುವುದಿಲ್ಲ. ಒಬ್ಬರ ಮಾತನ್ನು ಇನ್ನೊಬ್ಬರು ನಂಬಿಯೇ ನಡೆಯಬೇಕು. ಮೊದಲ ದಿನ ಬಾಗಿಲಲ್ಲಿ ಯಾರೋ ಕೂಗಿದರೆಂದು ಅವ್ವ ಕಾಲು ತೆಗೆದರು. ನಿಪ್ಪಲ್ ಇನ್ನೂ ಸಡಿಲವಿತ್ತು. ಎಳೆಯೊಳಗಿಂದ ಗಾಳಿ ಒಳಸೇರಿ ಆ ಚಕ್ರದ್ದು ಮತ್ತೆ ಮೊದಲಿನಿಂದ. ‘ಅವ್ವಾ, ನಾ ಹೇಳೂತನಕ ಬಿಡಬ್ಯಾಡ ಅಂದಿದ್ನೆಲ್ಲ!’ ಎಂದು ಹುಡುಗ ರೇಗಿದ. ಅಕ್ಕೋರಿಗೆ ಕೇಳಿಸಿದ್ದು ತರಗತಿಯಲ್ಲಿನ ತಮ್ಮದೇ ದನಿ. ನಕ್ಕು, ‘ಆತ್ರಿ ಮಾಸ್ತರ’ ಎಂದರು. ಅಪ್ಪ ಹೋದ ಮೇಲೆ ಅಂಕ, ಟ್ಯೂಷನ್ನು, ಫೀಜು ಬಿಟ್ಟರೆ ತಾಯಿ ಮಗನ ನಡುವೆ ಬೇರೆ ಮಾತೇ ಇರಲಿಲ್ಲ. ಆ ಮಧ್ಯಾಹ್ನ ಇಬ್ಬರೂ ಎರಡು ತಾಸು ಒಬ್ಬರ ಮಾತನ್ನೊಬ್ಬರು ಕೇಳಿದರು.

ಮಕ್ಕಳ ಕೈಗೆ ಇಂಥ ಕೆಲಸ ಕೊಡಬಹುದೇ ಎಂದು ತಂದೆ-ತಾಯಂದಿರು ಕೇಳಬಹುದು. ಕೈಗೆ ಕೀಲಿಕೈ ಕೊಡುವುದಕ್ಕಿಂತ ಪಾನಾ ಕೊಡುವುದು ಮೇಲು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ ಪ್ರಕಾರ, ಹದಿನೆಂಟು ತುಂಬದವರು ಗಾಡಿ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಮೂರು ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ. ಆದರೆ ಪಾನಾ ಹಿಡಿಯುವುದಕ್ಕೂ ಎಲ್ಲೆಯಿದೆ. ಪೆಡಲು ಒತ್ತಿ ಹಿಡಿದಾಗ ಮೆಲ್ಲಗೆ ಕೆಳಗಿಳಿಯುತ್ತ ಹೋದರೆ, ಚಕ್ರದ ಒಳಬದಿ ಒದ್ದೆ ಕಂಡರೆ, ಗಾಡಿ ಒಂದೇ ಕಡೆಗೆ ಎಳೆದರೆ, ಡಬ್ಬಿಯ ಮಟ್ಟ ಪದೇ ಪದೇ ಇಳಿದರೆ ಅದು ಚಾಚಾನ ಕೆಲಸ; ಅಲ್ಲಿತನಕ ಗಾಡಿ ಹೊರಡಬಾರದು. ಎಲ್ಲಿ ಕೈ ಹಾಕಬಾರದೆಂದು ತಿಳಿಯುವುದೂ ಆ ವಿದ್ಯೆಯ ಅರ್ಧಭಾಗ.

ಹುಡುಗನಿಗೆ ಹದಿನೆಂಟು ತುಂಬಲು ಇನ್ನೂ ಕೆಲವು ತಿಂಗಳಿವೆ. ಕಪಾಟಿನ ಬಾಗಿಲ ಒಳಗೆ ಅವನೊಂದು ಚೀಟಿ ಅಂಟಿಸಿದ್ದಾನೆ: ದ್ರವ ಬದಲಿಸಿದ ದಿನ, ಕಿಲೋಮೀಟರು, ಲೈನರು ನೋಡಿದ ದಿನ. ಉಳಿದ ದ್ರವದ ಡಬ್ಬ ಸಣ್ಣ ಮಕ್ಕಳ ಕೈಗೆ ಸಿಗದ ಎತ್ತರದಲ್ಲಿದೆ. ಗಾಡಿ ಹೊರಡುವ ಮುನ್ನ ಅವನು ಪೆಡಲು ಒತ್ತಿ ಹಿಡಿದು ಮನಸ್ಸಿನಲ್ಲೇ ಮೂವತ್ತರವರೆಗೆ ಎಣಿಸುತ್ತಾನೆ. ಆಮೇಲೆ ಇಳಿದು ಕೀಲಿಕೈಯನ್ನು ಅವ್ವನಿಗೆ ಕೊಡುತ್ತಾನೆ. ಹಿಂದಿನ ಸೀಟಿನಿಂದ ಅಜ್ಜಿ ಪ್ರತಿ ಸಲವೂ ಕೇಳುತ್ತಾಳೆ: ‘ನಿಲ್ತದೇನಪಾ?’

‘ನಿಲ್ತದ, ಆಯಿ.’

‘ಹಂಗಾರ ನಡೀರಿ.’